ಮೆಡೋಲ್ಯಾಂಡ್ಸ್‌ನ ಕಾಸ್ಮಾಸ್ ಫುಟ್‌ಬಾಲ್ ತಂಡ ಏನಾಯಿತು? ಆಗ ನೋಡಿದವರು ಯಾರಾದ್ರೂ ಇದ್ದೀರಾ?

ಸೆಕಾಕಸ್ ಅಪ್ಪ:

ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯ ಸೆಕಾಕಸ್‌ನಲ್ಲಿ. ಮೆಡೋಲ್ಯಾಂಡ್ಸ್‌ನ ಮೆಟ್‌ಲೈಫ್ ಸ್ಟೇಡಿಯಂ ಇಲ್ಲಿಂದ ತುಂಬಾ ಹತ್ತಿರ. ಮಗನಿಗೆ ಹನ್ನೊಂದು ವರ್ಷ. ಊರಿನ ಮಕ್ಕಳ ತಂಡದಲ್ಲಿ ಗೋಲ್‌ಕೀಪರ್.

ಹೋದ ತಿಂಗಳು ನಮ್ಮ ಮಾವ ಬೆಂಗಳೂರಿಂದ ಬಂದಿದ್ದರು. ಆಸ್ಟಿನ್ ಟೌನ್‌ನಲ್ಲಿ ಬೆಳೆದವರು. ಫುಟ್‌ಬಾಲ್ ಅಂದ್ರೆ ಊಟ ನಿದ್ದೆ ಬಿಡ್ತಾರೆ. ಸ್ಟೇಡಿಯಂ ಪಕ್ಕ ಕಾರಿನಲ್ಲಿ ಹೋಗುವಾಗ "ಪೆಲೆ ಆಡಿದ್ದು ಇಲ್ಲೇ ಅಲ್ವಾ? ಕಾಸ್ಮಾಸ್ ತಂಡದಲ್ಲಿ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹಿಂದಿನ ಸೀಟಿನಿಂದ ಮಗ "ಆ ಟೀಮ್ ಈಗ ಎಲ್ಲಿದೆ ತಾತ?" ಅಂದ. ಅವರಿಗೂ ಗೊತ್ತಿಲ್ಲ. "ಪೆಲೆ ಬಂದ, ಜನ ಬಂದರು. ಪೆಲೆ ಹೋದ, ಜನ ಹೋದರು. ತಂಡ ಮುಚ್ಚಿತು" ಅಂತ ಹೇಳಿ ಮುಗಿಸಿದರು.

ಇಷ್ಟೇನಾ ಕಥೆ? ಅಂಕಿ ಅಂಶ ಹುಡುಕಿದರೆ ಸಿಗುತ್ತೆ. ನನಗೆ ಬೇಕಿರೋದು ಆಗ ಇಲ್ಲಿದ್ದವರ ಮಾತು. ಮಗನಿಗೆ ಕೂರಿಸಿಕೊಂಡು ಹೇಳಬೇಕು.

ಕಾರ್ನಿಯ ದಾವಣಗೆರೆಯವನು:

ನಾನು ನೋಡಿದ್ದೇನೆ. ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ನೆ ಹಳೇದನ್ನೇ ನೆನೆಸಿಕೊಂಡು ಕೂತಿದ್ದೆ. ಸ್ವಲ್ಪ ಉದ್ದವಾಗುತ್ತೆ, ಸಮಾಧಾನವಾಗಿ ಓದಿ.

1976ರಲ್ಲಿ ನಾನು ಈ ದೇಶಕ್ಕೆ ಬಂದೆ. ನ್ಯೂವಾರ್ಕ್‌ನಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ, ಕಾರ್ನಿಯಲ್ಲಿ ಒಂದು ಬೇಕರಿ ಮೇಲಿನ ಕೋಣೆ. ಕಾರ್ನಿ ಅಂದರೆ ಸ್ಕಾಟ್ಲೆಂಡಿನವರ ಊರು. ನೂಲಿನ ಗಿರಣಿಗೆ ಕೆಲಸಕ್ಕೆ ಬಂದು ಅಲ್ಲೇ ಉಳಿದವರು. ಅಮೆರಿಕದ ಬೇರೆ ಕಡೆ ಬೇಸ್‌ಬಾಲ್ ಮಾತು, ಇಲ್ಲಿ ಮಾತ್ರ ಫುಟ್‌ಬಾಲ್ ಮಾತು. ದಾವಣಗೆರೆಯಲ್ಲಿ ಹತ್ತಿಗಿರಣಿಗಳ ನಡುವೆ ಬರಿಗಾಲಲ್ಲಿ ಆಡಿದವನು ನಾನು. ಗಿರಣಿ, ಚೆಂಡು ಎರಡೂ ಇರುವ ಊರಿಗೇ ಬಂದು ಬಿದ್ದೆನಲ್ಲ ಅಂತ ಅನಿಸಿತ್ತು. ನಮ್ಮ ಮನೆ ಓನರ್ ಒಬ್ಬ ಮುದುಕರು, ನಲವತ್ತು ವರ್ಷ ಗಿರಣಿಯಲ್ಲಿ ದುಡಿದವರು. ನನ್ನನ್ನು ಕಾಸ್ಮಾಸ್ ಪಂದ್ಯಕ್ಕೆ ಮೊದಲು ಕರೆದುಕೊಂಡು ಹೋದದ್ದು ಅವರೇ.

ತಂಡ ಶುರುವಾಗಿದ್ದು 1971ರಲ್ಲಿ. ಶುರು ಮಾಡಿದವರು ಅಟ್ಲಾಂಟಿಕ್ ರೆಕಾರ್ಡ್ಸ್‌ನ ಎರ್ಟೆಗುನ್ ಅಣ್ಣತಮ್ಮಂದಿರು, ನೆಸುಹಿ ಮತ್ತು ಅಹ್ಮೆತ್, ಟರ್ಕಿ ಮೂಲದವರು. ಹಾಡಿನ ತಟ್ಟೆ ಮಾರುವ ವ್ಯಾಪಾರ, ಆದರೆ ಮನಸ್ಸು ಫುಟ್‌ಬಾಲ್ ಮೇಲೆ. ಅವರ ಕಂಪನಿಯ ಒಡೆಯರು ವಾರ್ನರ್ ಕಮ್ಯುನಿಕೇಷನ್ಸ್. ಅದರ ಮುಖ್ಯಸ್ಥ ಸ್ಟೀವ್ ರಾಸ್. ಆ ಮನುಷ್ಯನಿಗೆ ಮೊದಲು ಈ ಆಟದ ಗಂಧ ಇರಲಿಲ್ಲ. ಆಮೇಲೆ ಅವರಷ್ಟು ಹಚ್ಚಿಕೊಂಡವರು ಇನ್ನೊಬ್ಬರಿಲ್ಲ. ರಾಸ್ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಮೊದಲ ವರ್ಷ ಯಾಂಕೀ ಸ್ಟೇಡಿಯಂ. ಆಮೇಲೆ ಲಾಂಗ್ ಐಲೆಂಡ್‌ನ ಹಾಫ್‌ಸ್ಟ್ರಾ ಕಾಲೇಜು ಮೈದಾನ. 1972ರಲ್ಲಿ ಸೇಂಟ್ ಲೂಯಿಸ್ ಸ್ಟಾರ್ಸ್ ತಂಡವನ್ನು 2-1ರಲ್ಲಿ ಸೋಲಿಸಿ ಉತ್ತರ ಅಮೆರಿಕದ ಫುಟ್‌ಬಾಲ್ ಲೀಗ್ ಗೆದ್ದರು. ಬರ್ಮುಡಾದ ರ‍್ಯಾಂಡಿ ಹಾರ್ಟನ್ ಆಗಿನ ದೊಡ್ಡ ಆಟಗಾರ. ಕೋಚ್ ಇಂಗ್ಲೆಂಡಿನ ಗಾರ್ಡನ್ ಬ್ರಾಡ್ಲಿ. ಆದರೆ ಊರಿಗೆ ಅದು ಗೊತ್ತೇ ಆಗಲಿಲ್ಲ. 1974ರಲ್ಲಿ ಪಂದ್ಯಕ್ಕೆ ಸರಾಸರಿ ಮೂರೂವರೆ ಸಾವಿರ ಜನ, ಅಷ್ಟೇ.

ಪೆಲೆ 1975ರ ಜೂನ್‌ನಲ್ಲಿ ಸಹಿ ಹಾಕಿದರು. ಇಂಗ್ಲೆಂಡಿನಿಂದ ಬಂದ ಕ್ಲೈವ್ ಟಾಯ್ ತಂಡದ ಮ್ಯಾನೇಜರ್. ವರ್ಷಗಟ್ಟಲೆ ಪೆಲೆ ಬೆನ್ನು ಬಿದ್ದು ಒಪ್ಪಿಸಿದವರು ಅವರು. ಮೊದಲ ಪಂದ್ಯ ಜೂನ್ 15, ರ‍್ಯಾಂಡಲ್ಸ್ ಐಲೆಂಡ್‌ನ ಡೌನಿಂಗ್ ಸ್ಟೇಡಿಯಂನಲ್ಲಿ ಡಲ್ಲಾಸ್ ವಿರುದ್ಧ. 2-2, ಪೆಲೆಯದೇ ಒಂದು ಗೋಲ್. ನಾನು ಆಗ ಇನ್ನೂ ದಾವಣಗೆರೆಯಲ್ಲೇ ಇದ್ದೆ. ಇಲ್ಲಿ ಬಂದ ಮೇಲೆ ಕೇಳಿದ ಮಾತು ಹೇಳ್ತೀನಿ. ಆ ಮೈದಾನದಲ್ಲಿ ಹುಲ್ಲಿಗಿಂತ ಮಣ್ಣೇ ಜಾಸ್ತಿ. ಟಿವಿಯಲ್ಲಿ ಚೆನ್ನಾಗಿ ಕಾಣಲಿ ಅಂತ ಮಣ್ಣಿಗೆ ಹಸಿರು ಬಣ್ಣ ಹೊಡೆದಿದ್ದರು. ಆಟ ಮುಗಿಸಿ ಬಂದ ಪೆಲೆ ಕಾಲು ನೋಡಿಕೊಂಡರೆ ಹಸಿರು! ಏನೋ ಚರ್ಮದ ರೋಗ ಹತ್ತಿತು ಅಂತ ಹೆದರಿಬಿಟ್ಟರಂತೆ.

1977ರಲ್ಲಿ ತಂಡ ಮೆಡೋಲ್ಯಾಂಡ್ಸ್‌ಗೆ ಬಂತು. ಜೌಗು ನೆಲದ ನಡುವೆ ಹೊಸದಾಗಿ ಎದ್ದು ನಿಂತ ಜೈಂಟ್ಸ್ ಸ್ಟೇಡಿಯಂ. ಆ ಬೇಸಿಗೆ ಹೇಗಿತ್ತು ಅಂದರೆ, ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ರಾತ್ರಿಯಿಡೀ ಕರೆಂಟ್ ಹೋಗಿ ಅಂಗಡಿಗಳು ಲೂಟಿಯಾಗಿದ್ದವು. 'ಸನ್ ಆಫ್ ಸ್ಯಾಮ್' ಕೊಲೆಗಾರನ ಭಯಕ್ಕೆ ಹುಡುಗಿಯರು ಕತ್ತಲಾದ ಮೇಲೆ ಹೊರಗೆ ಬರುತ್ತಿರಲಿಲ್ಲ. ಅವನು ಸಿಕ್ಕಿಬಿದ್ದದ್ದು ಆಗಸ್ಟ್ 10ಕ್ಕೆ. ನಾಲ್ಕು ದಿನ ಬಿಟ್ಟು ಭಾನುವಾರ, ಆಗಸ್ಟ್ 14, ಫೋರ್ಟ್ ಲಾಡರ್‌ಡೇಲ್ ಸ್ಟ್ರೈಕರ್ಸ್ ಜೊತೆ ಪ್ಲೇಆಫ್ ಪಂದ್ಯ. ನಾನೂ ಮುದುಕರೂ ಬಸ್ಸಿನಲ್ಲಿ ಹೋದೆವು.

ಸೇತುವೆ ಇಳಿಯುವ ಮೊದಲೇ ಬಸ್ಸು ನಿಂತುಬಿಟ್ಟಿತು. ಮುಂದೆಲ್ಲ ಕಾರುಗಳು. ಕೆಳಗಿನ ಜೌಗಿನಿಂದ ಕೊಳೆತ ಹುಲ್ಲಿನ ವಾಸನೆ, ಅದರ ಜೊತೆ ಪಾರ್ಕಿಂಗ್‌ನಲ್ಲಿ ಜನ ಮಾಂಸ ಸುಡುತ್ತಿದ್ದ ಹೊಗೆ. ಇಳಿದು ನಡೆದೇ ಹೋದೆವು. ಒಳಗೆ 77,691 ಜನ. ಮರುದಿನ ಪೇಪರಿನಲ್ಲಿ ಈ ಸಂಖ್ಯೆ ಬಂತು, ಅವತ್ತಿನಿಂದ ಬಾಯಿಪಾಠ. ನನ್ನ ಎಡಕ್ಕೆ ನ್ಯೂವಾರ್ಕ್‌ನ ಪೋರ್ಚುಗೀಸರ ಒಂದು ಇಡೀ ಕುಟುಂಬ, ಅಜ್ಜಿಯಿಂದ ಮೊಮ್ಮಗುವಿನ ತನಕ. ಹಿಂದೆ ಇಟಲಿಯವರು. ಅವರ ದೇಶದ ಸ್ಟ್ರೈಕರ್ ಚಿನಾಗ್ಲಿಯಾ ಚೆಂಡು ಮುಟ್ಟಿದರೆ ಸಾಕು, ಎದ್ದು ನಿಲ್ಲುತ್ತಿದ್ದರು. ಮೈದಾನದ ಅಂಚಿನಲ್ಲಿ ಬಗ್ಸ್ ಬನ್ನಿ ವೇಷ ಹಾಕಿದವನೊಬ್ಬ ಓಡಾಡುತ್ತಿದ್ದ. ವಾರ್ನರ್ ಅವರದೇ ಕಾರ್ಟೂನ್ ಮೊಲ ಅಲ್ವಾ! ನಮ್ಮ ತಂಡದ ಜರ್ಮನಿಯ ಬೆಕೆನ್‌ಬಾವರ್ ತಲೆ ಎತ್ತಿಕೊಂಡೇ ಆಡುತ್ತಿದ್ದರು, ಚೆಂಡಿನ ಕಡೆ ನೋಡುತ್ತಲೇ ಇರಲಿಲ್ಲ. 8-3ಕ್ಕೆ ಗೆದ್ದೆವು. "ಗೆದ್ದೆವು" ಅಂತ ಬರೆದೆ ನೋಡಿ. ಈ ದೇಶದಲ್ಲಿ ನನ್ನ ಬಾಯಲ್ಲಿ "ನಾವು" ಅನ್ನೋ ಮಾತು ಬಂದದ್ದು ಅವತ್ತೇ ಮೊದಲು. ಅಲ್ಲಿಯವರೆಗೆ ಎಲ್ಲವೂ "ಇವರು", "ಇವರದ್ದು". ಟಿಕೆಟಿನ ತುಂಡು ಇನ್ನೂ ನನ್ನ ಹಳೇ ಪಾಸ್‌ಪೋರ್ಟಿನೊಳಗಿದೆ.

ಫೈನಲ್ ಆಗಸ್ಟ್ 28ಕ್ಕೆ, ಪೋರ್ಟ್‌ಲ್ಯಾಂಡ್‌ನಲ್ಲಿ, ಸಿಯಾಟಲ್ ಸೌಂಡರ್ಸ್ ವಿರುದ್ಧ. ಟಿವಿಯಲ್ಲಿ ನೋಡಿದೆ. ನಿಮ್ಮ ಮಗ ಗೋಲ್‌ಕೀಪರ್ ಅಂದಿರಿ, ಈ ಗೋಲ್ ಅವನಿಗೆ ಹೇಳಲೇಬೇಕು. ಸಿಯಾಟಲ್ ಕೀಪರ್ ಟೋನಿ ಚರ್ಸ್ಕಿ ಚೆಂಡು ಹಿಡಿದರು. ಎಲ್ಲ ತಣ್ಣಗಾಯಿತು ಅಂದುಕೊಂಡು ನೆಲಕ್ಕೆ ಉರುಳಿಸಿದರು. ಕಾಸ್ಮಾಸ್‌ನ ಸ್ಟೀವ್ ಹಂಟ್ ಅವರ ಬೆನ್ನ ಹಿಂದೆಯೇ ಇದ್ದ. ಚರ್ಸ್ಕಿ ನೋಡಿರಲಿಲ್ಲ. ಹಂಟ್ ಹಿಂದಿನಿಂದ ನುಗ್ಗಿ ಚೆಂಡು ಕಸಿದು ಖಾಲಿ ಗೋಲಿಗೆ ತಳ್ಳಿದ. ಚರ್ಸ್ಕಿ ತೆವಳಿಕೊಂಡು ಹಿಂದೆ ಹೋದರು, ಆಗಲಿಲ್ಲ. ಸಿಯಾಟಲ್ ಕೂಡಲೇ ಒಂದು ತೀರಿಸಿತು. ಕೊನೆಯಲ್ಲಿ ಹಂಟ್ ಕೊಟ್ಟ ಚೆಂಡಿಗೆ ಚಿನಾಗ್ಲಿಯಾ ತಲೆ ಕೊಟ್ಟರು. 2-1. ಪೆಲೆಯ ಕೊನೆಯ ಲೀಗ್ ಪಂದ್ಯ ಅದು.

ಅಕ್ಟೋಬರ್ 1ರ ಬೀಳ್ಕೊಡುಗೆಗೂ ಹೋಗಿದ್ದೆ. ಎದುರಾಳಿ ಪೆಲೆಯ ಹಳೇ ತಂಡ ಸ್ಯಾಂಟೋಸ್. ಆಟಕ್ಕೆ ಮೊದಲು ಅವರು ಮೈಕ್ ಹಿಡಿದು ಮಾತಾಡಿದರು. ನನ್ನ ಜೊತೆ ಮೂರು ಸಲ "ಲವ್" ಅನ್ನಿ ಅಂದರು. ಅಷ್ಟೂ ಜನ ಅಂದರು, ನಾನೂ ಅಂದೆ. ಮೊದಲರ್ಧ ಕಾಸ್ಮಾಸ್‌ಗೆ ಆಡಿ ಫ್ರೀ ಕಿಕ್‌ನಲ್ಲಿ ಗೋಲ್ ಹೊಡೆದರು. ಬಿಡುವಿನಲ್ಲಿ ಆ ಹತ್ತನೇ ನಂಬರಿನ ಅಂಗಿ ತೆಗೆದು ತಮ್ಮ ಅಪ್ಪನ ಕೈಗೆ ಕೊಟ್ಟರು. ಎರಡನೇ ಅರ್ಧ ಸ್ಯಾಂಟೋಸ್ ಪರ. ಆಗ ಮಳೆ ಹಿಡಿಯಿತು. ಒಬ್ಬರೂ ಏಳಲಿಲ್ಲ.

ಕೈ ನೋಯ್ತಿದೆ. ಹೇಗೆ ಮುಚ್ಚಿತು ಅನ್ನೋದನ್ನ ನಾಳೆ ಬರೀತೀನಿ.

ಈಡನ್ ಗ್ಯಾಲರಿ:

ದಾವಣಗೆರೆ ಸರ್, ನಿಮ್ಮ ಆಗಸ್ಟ್‌ಗೂ ಅಕ್ಟೋಬರ್‌ಗೂ ನಡುವೆ ಒಂದು ಸೆಪ್ಟೆಂಬರ್ ಇದೆ. ಅದು ನನ್ನದು!

ನಾನು ಆಗ ಬ್ಯಾಂಕ್ ಕೆಲಸದ ಮೇಲೆ ಕಲ್ಕತ್ತಾದಲ್ಲಿದ್ದೆ. ಏಷ್ಯಾ ಪ್ರವಾಸಕ್ಕೆ ಹೊರಟ ಕಾಸ್ಮಾಸ್ ಜಪಾನ್, ಚೀನಾ ನೋಡಿಕೊಂಡು ನಮ್ಮಲ್ಲಿಗೆ ಬಂತು. 1977 ಸೆಪ್ಟೆಂಬರ್ 24, ಶನಿವಾರ, ಈಡನ್ ಗಾರ್ಡನ್ಸ್, ಮೋಹನ್ ಬಾಗಾನ್ ವಿರುದ್ಧ. ಬ್ಯಾಂಕಿನಲ್ಲಿ ಆ ವಾರ ಯಾರೂ ಸರಿಯಾಗಿ ಲೆಕ್ಕ ಮಾಡಿಲ್ಲ. ನಮ್ಮ ಹೆಡ್ ಕ್ಲರ್ಕ್ ಟಿಕೆಟಿಗಾಗಿ ಅಳಿಯನ ಮೇಲೆ ಮುನಿಸಿಕೊಂಡು ಮಾತು ಬಿಟ್ಟಿದ್ದರು.

ಮಳೆ ಬಂದು ನೆಲ ಕೆಸರಾಗಿತ್ತು. ಪೆಲೆ ಆಡ್ತಾರೋ ಇಲ್ವೋ ಅಂತ ಎಲ್ಲರಿಗೂ ಆತಂಕ. ಆಡಿದರು. ಕಾಸ್ಮಾಸ್‌ನ ಕಾರ್ಲೋಸ್ ಆಲ್ಬರ್ಟೊ ಮೊದಲ ಗೋಲ್ ಹೊಡೆದಾಗ ಮುಗೀತು, ಇನ್ನು ಐದಾರು ಬೀಳುತ್ತೆ ಅಂದುಕೊಂಡೆವು. ಮೋಹನ್ ಬಾಗಾನ್‌ನ ಶ್ಯಾಮ್ ಥಾಪಾ ತೀರಿಸಿದರು. ಆಮೇಲೆ ಹಬೀಬ್ ಇನ್ನೊಂದು! ಕಾಸ್ಮಾಸ್ ಹಿಂದೆ, ಮೋಹನ್ ಬಾಗಾನ್ ಮುಂದೆ. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನ ಕೊರಳು ತಬ್ಬಿಕೊಂಡು ಬಂಗಾಳಿಯಲ್ಲಿ ಏನೇನೋ ಹೇಳ್ತಿದ್ದರು. ನನಗೆ ಒಂದಕ್ಷರ ಗೊತ್ತಾಗಲಿಲ್ಲ, ನಾನು ಕನ್ನಡದಲ್ಲಿ ಕೂಗ್ತಿದ್ದೆ. ಕೊನೆಗೆ ಚಿನಾಗ್ಲಿಯಾ ಪೆನಾಲ್ಟಿಯಿಂದ 2-2 ಆಯಿತು. ಆ ಪೆನಾಲ್ಟಿ ಕೊಡಬಾರದಿತ್ತು ಅಂತ ನಾನು ಇವತ್ತಿಗೂ ಹೇಳ್ತೀನಿ.

ಗೌತಮ್ ಸರ್ಕಾರ್ ಪೆಲೆಯನ್ನು ಬಿಡದೆ ಕಾದರು. ಕೀಪರ್ ಶಿವಾಜಿ ಬ್ಯಾನರ್ಜಿ ಪೆಲೆಯ ಫ್ರೀ ಕಿಕ್ ತಡೆದರು. ಕೋಚ್ ಪಿ.ಕೆ. ಬ್ಯಾನರ್ಜಿ. ಅದೇ ಹುರುಪಿನಲ್ಲಿ ಆ ಸೀಸನ್ ಐಎಫ್‌ಎ ಶೀಲ್ಡ್, ರೋವರ್ಸ್, ಡ್ಯೂರಾಂಡ್ ಮೂರೂ ಟ್ರೋಫಿ ಮೋಹನ್ ಬಾಗಾನ್‌ಗೆ. ನಿಮ್ಮ ಮಾವನವರಿಗೆ ಇದನ್ನು ಓದಿ ಹೇಳಿ, ಅವರಿಗೆ ಖಂಡಿತ ನೆನಪಿರುತ್ತೆ.

ಸೆಕಾಕಸ್ ಅಪ್ಪ:

ಇಬ್ಬರಿಗೂ ಕೈ ಮುಗಿದೆ. ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಹಬೀಬ್ ಹೆಸರು ಬಂದ ಕೂಡಲೇ "ನಿಲ್ಲಿಸು, ಆ ಸಾಲು ಇನ್ನೊಂದು ಸಲ ಓದು" ಅಂದರು. ಆದರೆ ಒಂದು ಮಾತು ಬಿಡ್ತಿಲ್ಲ: "ಪೆಲೆ ಹೋದ ಮೇಲೆ ಏನಿತ್ತು ಅಲ್ಲಿ?" ಅಂತಾರೆ. ದಾವಣಗೆರೆ ಸರ್, ನೀವೇ ಹೇಳಬೇಕು.

ಕಾರ್ನಿಯ ದಾವಣಗೆರೆಯವನು:

ಮಾವನವರ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ಅದು ಸರಿಯಲ್ಲ. ಈ ಮಾತನ್ನು ನಾನು ನಲವತ್ತು ವರ್ಷದಿಂದ ಕೇಳ್ತಾ ಬಂದಿದ್ದೇನೆ, ಪ್ರತಿ ಸಲ ಹೊಟ್ಟೆ ಉರಿಯುತ್ತೆ. 1977ರಲ್ಲಿ, ಪೆಲೆ ಇದ್ದಾಗ, ಪಂದ್ಯಕ್ಕೆ ಸರಾಸರಿ 34 ಸಾವಿರ ಜನ. 1978ರಲ್ಲಿ, ಪೆಲೆ ಇಲ್ಲದಾಗ, 47 ಸಾವಿರಕ್ಕೂ ಜಾಸ್ತಿ. ಜನ ಹೋಗಲಿಲ್ಲ, ಇನ್ನೂ ಬಂದರು. ಆ ವರ್ಷದ ತಂಡವೇ ನಾನು ನೋಡಿದ ಅತಿ ಒಳ್ಳೆ ತಂಡ. ಯುಗೊಸ್ಲಾವಿಯಾದ ಬೊಗಿಚೆವಿಚ್ ಬಂದಿದ್ದರು, ಅವರು ಕೊಟ್ಟ ಚೆಂಡನ್ನು ಚಿನಾಗ್ಲಿಯಾ ಕಣ್ಣು ಮುಚ್ಚಿ ಹೊಡೆಯಬಹುದಿತ್ತು. ಫೈನಲ್ ನಮ್ಮ ಜೈಂಟ್ಸ್ ಸ್ಟೇಡಿಯಂನಲ್ಲೇ. ಟ್ಯಾಂಪಾ ಬೇ ರೌಡೀಸ್ ವಿರುದ್ಧ 3-1. 1980, 1982ರಲ್ಲೂ ಗೆದ್ದರು. ಒಟ್ಟು ಐದು ಸಲ. ಪೆಲೆ ಇದ್ದದ್ದು ಅದರಲ್ಲಿ ಒಂದಕ್ಕೆ ಮಾತ್ರ.

ಹಾಗಾದರೆ ಯಾಕೆ ಮುಚ್ಚಿತು? ನನ್ನ ಪ್ರಕಾರ, ಆಡೋಕೆ ಎದುರು ತಂಡಗಳೇ ಉಳಿಯಲಿಲ್ಲ. ಕಾಸ್ಮಾಸ್ ನೋಡಿ ಎಲ್ಲರಿಗೂ ಆಸೆ ಹುಟ್ಟಿತು. 1978ರಲ್ಲಿ ಲೀಗ್ ಒಮ್ಮೆಲೇ 24 ತಂಡಗಳಾಯಿತು. ಎಲ್ಲರೂ ಯೂರೋಪಿನಿಂದ ವಯಸ್ಸಾದ ದೊಡ್ಡ ಹೆಸರುಗಳನ್ನು ಕೊಂಡು ತಂದರು. ಸಾಲ ಮಾಡಿ ಮದುವೆ ಮಾಡಿದ ಹಾಗೆ. ಕಾಸ್ಮಾಸ್ ಹಿಂದೆ ವಾರ್ನರ್ ಇತ್ತು, ಅವರ ಹಿಂದೆ ಯಾರಿದ್ದರು? ಎಬಿಸಿ ಚಾನೆಲ್ 1979ರಿಂದ ಪಂದ್ಯ ತೋರಿಸಿತು, ನೋಡುವವರು ಸಾಲದೆ ಬಿಟ್ಟಿತು. ತಂಡಗಳು ಒಂದೊಂದೇ ಬಾಗಿಲು ಹಾಕಿದವು. 1984ಕ್ಕೆ ಉಳಿದದ್ದು ಒಂಬತ್ತು.

ಇನ್ನು ಮನೆಯೊಳಗಿನ ಏಟು. ಸ್ಟೀವ್ ರಾಸ್ ಹೆಸರು ನೆನಪಿಟ್ಟುಕೊಳ್ಳಿ ಅಂದಿದ್ದೆ. ತಂಡ ನಿಂತಿದ್ದೇ ಅವರೊಬ್ಬರ ಪ್ರೀತಿಯ ಮೇಲೆ. ವಾರ್ನರ್ ಕೈಯಲ್ಲಿ ಅಟಾರಿ ವಿಡಿಯೋ ಗೇಮ್ ಕಂಪನಿ ಇತ್ತು. ದುಡ್ಡು ಅಲ್ಲಿಂದ ಸುರಿಯುತ್ತಿತ್ತು. 1983ರಲ್ಲಿ ಆ ವ್ಯಾಪಾರ ನೆಲ ಕಚ್ಚಿತು. ಒಂದೇ ವರ್ಷದಲ್ಲಿ 50 ಕೋಟಿ ಡಾಲರ್‌ಗೂ ಮೀರಿ ನಷ್ಟ. ಅಂಥ ಹೊತ್ತಲ್ಲಿ ಫುಟ್‌ಬಾಲ್ ತಂಡಕ್ಕೆ ದುಡ್ಡು ಕೊಡಿ ಅಂತ ಯಾರನ್ನ ಕೇಳೋದು? ಅದೇ ವರ್ಷ ಮೇ ತಿಂಗಳಲ್ಲಿ 1986ರ ವಿಶ್ವಕಪ್ ಅಮೆರಿಕಕ್ಕೆ ಸಿಗದೆ ಮೆಕ್ಸಿಕೋಗೆ ಹೋಯಿತು. ಕೊಲಂಬಿಯಾ ಆಗಲ್ಲ ಅಂತ ಕೈ ಬಿಟ್ಟಿದ್ದ ಟೂರ್ನಿ ಅದು. ಅದು ಬಂದಿದ್ದರೆ ವಾರ್ನರ್ ಇನ್ನೂ ಮೂರು ವರ್ಷ ತಡೆದುಕೊಳ್ಳುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತೆ.

1984ರಲ್ಲಿ ಚಿನಾಗ್ಲಿಯಾ ಮತ್ತು ಅವರ ಜೊತೆಗಾರರು ತಂಡ ನಡೆಸುವ ಹೊಣೆ ತೆಗೆದುಕೊಂಡರು. ಆ ಬೇಸಿಗೆ ನಾನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆ. ಹನ್ನೆರಡು ಹದಿಮೂರು ಸಾವಿರ ಜನ ಅಂತ ಲೆಕ್ಕ. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಅದು ಸಂತೆ ಮುಗಿದ ಬಯಲಿನ ಥರ ಕಾಣುತ್ತೆ. ಆಟಗಾರರು ಒಬ್ಬರನ್ನೊಬ್ಬರು ಕರೆಯೋದು ಮೇಲಿನ ಸಾಲಿಗೂ ಕೇಳಿಸುತ್ತಿತ್ತು. ಮಗಳು "ಅಪ್ಪ, ಬೇರೆಯವರೆಲ್ಲ ಯಾವಾಗ ಬರ್ತಾರೆ?" ಅಂತ ಕೇಳಿದಳು.

1985ರ ಮಾರ್ಚ್‌ನಲ್ಲಿ ಲೀಗೇ ನಿಂತುಹೋಯಿತು. ಆಡ್ತೀವಿ ಅಂತ ಉಳಿದವರು ಮಿನ್ನೆಸೋಟ, ಟೊರಾಂಟೊ ಎರಡೇ. ಕಾಸ್ಮಾಸ್ ಕೆಲವು ಸ್ನೇಹಪಂದ್ಯ ಆಡಿ ನೋಡಿತು. ಜೂನ್‌ನಲ್ಲಿ ಚಿನಾಗ್ಲಿಯಾ ಅವರ ಹಳೇ ತಂಡ ಲಾಜಿಯೊ ಬಂತು, ಹೊಡೆದಾಟ ಆಯಿತು. ಅಲ್ಲಿಗೆ ಮುಗಿಯಿತು. ನಾನು ಹೋಗಿರಲಿಲ್ಲ. ಹೋಗದ್ದೇ ಒಳ್ಳೇದಾಯಿತು.

ನನ್ನ ಒಂದು ದೂರು ಇದ್ದರೆ ಇದು: ಊರಿನ ಹುಡುಗರನ್ನು ಬೇಗ ಮೈದಾನಕ್ಕೆ ಇಳಿಸಬೇಕಿತ್ತು. ಇಲ್ಲಿಯ ಆಟಗಾರರು ಇಷ್ಟು ಜನ ಇರಲೇಬೇಕು ಅನ್ನೋ ಲೀಗ್ ನಿಯಮಕ್ಕೆ ಬೇಕಾದಷ್ಟು ಜನರನ್ನು ಮಾತ್ರ ಇಳಿಸಿದರು. ಕಾರ್ನಿಯ ಪಾರ್ಕಿನಲ್ಲಿ ಸಂಜೆ ನೋಡಬೇಕಿತ್ತು ನೀವು, ಒಂದೊಂದು ಹುಡುಗನೂ ಬೊಗಿಚೆವಿಚ್, ಚಿನಾಗ್ಲಿಯಾ. ಟೋನಿ ಮಿಯೋಲಾ, ಜಾನ್ ಹಾರ್ಕ್ಸ್, ಟ್ಯಾಬ್ ರಾಮೋಸ್ ಮೂವರೂ ಇದೇ ಕಾರ್ನಿ-ಹ್ಯಾರಿಸನ್ ಕಡೆ ಬೆಳೆದವರು. ರಾಮೋಸ್ ಅವರನ್ನು 1984ರಲ್ಲಿ ಕಾಸ್ಮಾಸ್ ಆರಿಸಿಕೊಂಡಿತ್ತು, ಅವರು ಕಾಲೇಜಿಗೆ ಹೋದರು. ನಲವತ್ತು ವರ್ಷ ವಿಶ್ವಕಪ್ ಕಾಣದ ಅಮೆರಿಕ 1990ರಲ್ಲಿ ಇಟಲಿಗೆ ಹೋದಾಗ ತಂಡದಲ್ಲಿ ಈ ಮೂವರೂ ಇದ್ದರು. ನಮ್ಮ ಮುದುಕರು ಆಗ ಹಾಸಿಗೆ ಹಿಡಿದಿದ್ದರು. ಟಿವಿಯನ್ನು ಅವರ ಕೋಣೆಗೆ ಎತ್ತಿಕೊಂಡು ಹೋಗಿ ಇಟ್ಟೆ. ಮಿಯೋಲಾ ಗೋಲಿನಲ್ಲಿ ನಿಂತದ್ದು ನೋಡಿ "ಇವನು ನಮ್ಮವನು" ಅಂದರು.

ಪ್ಯಾಟರ್ಸನ್ ಪಕ್ಕದವಳು:

ಒಂದು ಸಣ್ಣ ಸೇರಿಕೆ. ಕಾಸ್ಮಾಸ್ ಹೆಸರು ಪೂರ್ತಿ ಸತ್ತಿಲ್ಲ. 2010ರಲ್ಲಿ ಹೆಸರಿಗೆ ಮತ್ತೆ ಜೀವ ಕೊಟ್ಟರು, ಪೆಲೆ ಗೌರವಾಧ್ಯಕ್ಷರಾಗಿದ್ದರು. 2013ರಿಂದ ಎರಡನೇ ಹಂತದ ಲೀಗ್‌ನಲ್ಲಿ ಆಡಿ 2013, 2015, 2016ರಲ್ಲಿ ಗೆದ್ದರು. ಸ್ಪೇನಿನ ರಾವೂಲ್ ಕೊನೆಯದಾಗಿ ಆಡಿದ್ದು ಇದೇ ತಂಡಕ್ಕೆ. ಅದೂ ನಿಂತಿತು. ಈಗ ಮತ್ತೆ ನಮ್ಮ ಪ್ಯಾಟರ್ಸನ್‌ನ ಹಿಂಚ್‌ಲಿಫ್ ಸ್ಟೇಡಿಯಂಗೆ ತಂದಿದ್ದಾರೆ. 2026ರಿಂದ ಯುಎಸ್ಎಲ್ ಲೀಗ್ ಒನ್‌ನಲ್ಲಿ (ಅಮೆರಿಕದ ಮೂರನೇ ಹಂತದ ಲೀಗ್) ಆಡುವುದಾಗಿ 2025ರಲ್ಲೇ ಹೇಳಿದ್ದರು. ಹುಡುಗನಿಗೆ ತೋರಿಸೋಕೆ ಹತ್ತಿರದಲ್ಲೇ ಇದೆ.

ದಾವಣಗೆರೆ ಸರ್, ಮೆಟ್‌ಲೈಫ್ ಇರುವ ಜಾಗದಲ್ಲೇ ಜೈಂಟ್ಸ್ ಸ್ಟೇಡಿಯಂ ಇತ್ತಾ?

ಕಾರ್ನಿಯ ದಾವಣಗೆರೆಯವನು:

ಇಲ್ಲಮ್ಮ. ಹಳೇ ಸ್ಟೇಡಿಯಂನ ಪಾರ್ಕಿಂಗ್ ಜಾಗದಲ್ಲಿ ಮೆಟ್‌ಲೈಫ್ ಕಟ್ಟಿದರು. ಹಳೇದನ್ನು 2010ರಲ್ಲಿ ಕೆಡವಿದರು. ಅದು ಇದ್ದ ಜಾಗ ಈಗ ಪಾರ್ಕಿಂಗ್. ಪೆಲೆ ಅಪ್ಪನಿಗೆ ಅಂಗಿ ಕೊಟ್ಟ ಜಾಗದಲ್ಲಿ ಈಗ ಕಾರು ನಿಲ್ಲುತ್ತವೆ.

ಪ್ಯಾಟರ್ಸನ್‌ಗೆ ನಾನೂ ಬರ್ತೀನಿ. ಮಂಡಿ ನೋವು, ಯಾರಾದ್ರೂ ಕಾರಿನಲ್ಲಿ ಕರೆದುಕೊಂಡು ಹೋಗಬೇಕು ಅಷ್ಟೇ.

ಸೆಕಾಕಸ್ ಅಪ್ಪ:

ಸರ್, ಕಾರು ನಮ್ಮದು. ಕಾರ್ನಿ ನಮಗೆ ದಾರಿ ತಪ್ಪಿದರೂ ಸರಿ, ಬಂದು ಕರ್ಕೊಂಡು ಹೋಗ್ತೀವಿ. ಆ ಟಿಕೆಟ್ ತುಂಡು ಮರೆಯದೆ ತನ್ನಿ, ಮಗ ಮುಟ್ಟಿ ನೋಡಬೇಕಂತೆ.

ನಿನ್ನೆ ರಾತ್ರಿ ಅವನಿಗೆ ಎಲ್ಲ ಓದಿ ಹೇಳಿದೆ. ಸ್ಟೀವ್ ಹಂಟ್ ಗೋಲಿನ ವಿಡಿಯೋ ಹುಡುಕಿ ನಾಲ್ಕು ಸಲ ನೋಡಿದ. ಒಂದು ಮಾತೂ ಆಡಲಿಲ್ಲ. ಇವತ್ತು ಬೆಳಿಗ್ಗೆ ಅವನ ಪಂದ್ಯ ಇತ್ತು. ಚೆಂಡು ಕೈಗೆ ಸಿಕ್ಕಾಗಲೆಲ್ಲ, ನೆಲಕ್ಕೆ ಬಿಡುವ ಮೊದಲು, ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ತಿರುಗಿ ಬೆನ್ನ ಹಿಂದೆ ನೋಡಿಕೊಳ್ತಿದ್ದ.